ಇವರ ಫೋನಿಗೆ ಬಂದ ಒಟಿಪಿ

ನನ್ನ ಕಣ್ಣು ಪೂರ್ತಿ ಹೋದ ಮೇಲೆ ಮನೆಗೆ ಬಂದ ಬಿಲ್ಲು, ಕಾಗದ, ಮಾತ್ರೆಯ ಹೆಸರು ಎಲ್ಲವನ್ನೂ ಯಜಮಾನರೇ ಓದಿ ಹೇಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗ್ರೇಟರ್ ನೋಯ್ಡಾದ ತನ್ನ ಮನೆಗೆ ಬಂದುಬಿಡಬೇಕೆಂದು ಮಗಳು ಹಟ ಹಿಡಿದಳು. ಮುನಿರ್ಕಾದ ಈ ಮನೆಯಲ್ಲಿ ಕೈ ಚಾಚಿದರೆ ಸ್ವಿಚ್ಚು ಸಿಗುತ್ತದೆ, ಒಲೆ ಸಿಗುತ್ತದೆ. ಅಲ್ಲಿ ನೀರು ಕುಡಿಯಲೂ ಯಾರನ್ನಾದರೂ ಕರೆಯಬೇಕು.

ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು. ಗ್ಯಾಸ್ ಸಂಪರ್ಕ ಇನ್ನೂ ಇವರ ಮೊಬೈಲ್ ನಂಬರಿನಲ್ಲೇ ಇತ್ತು. ಅದನ್ನು ನಾನೊಬ್ಬಳೇ ಕಂಪ್ಯೂಟರಿನಲ್ಲಿ ನನ್ನ ನಂಬರಿಗೆ ಬದಲಿಸಿದರೆ ಇಲ್ಲೇ ಇರಬಹುದು. ಆಗದಿದ್ದರೆ ಅವತ್ತೇ ಅವಳ ಜೊತೆ ಹೊರಡಬೇಕು.

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ನಾನು ಆಗಷ್ಟೇ ಕಲಿಯುತ್ತಿದ್ದೆ. ಮೌಸ್ ಮುಟ್ಟುವಂತಿಲ್ಲ. ಟ್ಯಾಬ್ ಒತ್ತುತ್ತಾ ಹೋಗಬೇಕು, ಬೇಕಾದದ್ದು ಕೇಳಿಸಿದಾಗ ಎಂಟರ್ ಒತ್ತಬೇಕು. ಭಾನುವಾರ ಬೆಳಿಗ್ಗೆ ಮಗಳು ಎದುರಿಗೆ ಕೂತಳು.

"ಅಮ್ಮಾ, ನಾನು ಏನೂ ಹೇಳಲ್ಲ. ಪಕ್ಕಾ."

"ಉಸಿರೂ ಜೋರಾಗಿ ಬಿಡಬೇಡ. ನಂಗೆ ಅದು ಕೇಳಿಸಬೇಕು."

ಹೊಸ ನಂಬರನ್ನು ಸರಿಯಾಗಿಯೇ ತುಂಬಿಸಿದೆ. ಹಳೆಯ ನಂಬರಿಗೆ ಒಟಿಪಿ ಕಳಿಸಿದ್ದೇವೆ ಎಂದಿತು ಯಂತ್ರ. ಮೇಜಿನ ಮೇಲಿದ್ದ ಇವರ ಫೋನು ಟಿಣ್ ಎಂದಿತು. ಕೈಗೆತ್ತಿಕೊಂಡಾಗಲೇ ನನಗೆ ಹೊಳೆದದ್ದು: ಅದು ಕಣ್ಣಿದ್ದವರ ಫೋನು. ನನ್ನ ಫೋನಿನ ಹಾಗೆ ಮಾತಾಡುವುದಿಲ್ಲ. ನುಣ್ಣನೆಯ ಗಾಜನ್ನು ಸವರುತ್ತಾ ಕೂತೆ. ಸಮಯ ಮುಗಿಯಿತು ಎಂದು ಲ್ಯಾಪ್‌ಟಾಪ್ ಹೇಳಿತು.

"ಓದಲಾ ಅಮ್ಮಾ? ಒಂದೇ ನಂಬರ್ ತಾನೆ."

"ಬೇಡ."

"ಅಚ್ಛಾ, ಜಿದ್ದು ಮಾತ್ರ ಅಪ್ಪಂದೇ."

ಮತ್ತೆ ಒಟಿಪಿ ಕೇಳಿದೆ. ನನ್ನ ಫೋನಿನಲ್ಲಿ ಮಾಡುವಂತೆ ಇವರ ಫೋನಿನ ಧ್ವನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದೆ. ಮೊದಲೇ ಯಾರಾದರೂ ಸಿದ್ಧ ಮಾಡಿಟ್ಟಿದ್ದರೆ ಮಾತ್ರ ಅದು ಹಾಗೆ ಮಾತಾಡಲು ಶುರುಮಾಡುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು. ಆಗಲಾರದು ಎಂದುಕೊಂಡೇ ಒತ್ತಿದ್ದು. ಫೋನು ನಡುಗಿತು, ಹೆಣ್ಣು ದನಿಯಲ್ಲಿ ಗಂಟೆ ಎಷ್ಟೆಂದು ಹೇಳಿತು.

"ಇದನ್ನ ನೀನು ಮಾಡಿಟ್ಟಿದ್ದಾ?" ಎಂದೆ.

"ಇಲ್ಲ. ನಾನು ಅಪ್ಪನ ಫೋನ್ ಮುಟ್ಟೇ ಇಲ್ಲ."

ಹಾಗಾದರೆ ಇವರೇ ನನಗೆಂದು ಮಾಡಿಟ್ಟು ಹೋಗಿದ್ದರು. ಆದರೆ ಅದನ್ನು ಯೋಚಿಸುತ್ತಾ ಕೂರಲು ಪುರುಸೊತ್ತಿರಲಿಲ್ಲ. ಪರದೆಯ ಮೇಲೆ ಬೆರಳಾಡಿಸಿದೆ. ಸಂದೇಶ ಸಿಕ್ಕಿತು. ಅದು ಒಟಿಪಿಯನ್ನು ಬಿಡಿ ಅಂಕಿಗಳಾಗಿ ಓದಲಿಲ್ಲ, ನಾಲ್ಕು ಲಕ್ಷ ಐದು ಸಾವಿರದ ಎಪ್ಪತ್ತು ಎಂದು ಓದಿತು. ಗಾಬರಿಯಲ್ಲಿ ನಾಲ್ಕು, ಐದು, ಏಳು, ಸೊನ್ನೆ ಎಂದು ಒತ್ತಿಬಿಟ್ಟೆ. ತಪ್ಪು ಎಂದಿತು. ಮಗಳ ಕುರ್ಚಿ ಕಿರ್ ಎಂದಿತು. ಶಾಲೆಯಲ್ಲಿ ಕಲಿತ ಸ್ಥಾನಬೆಲೆಯನ್ನು ಬೆರಳ ಮೇಲೆ ಎಣಿಸಿದೆ. ಹತ್ತು ಸಾವಿರದ ಮನೆ, ನೂರರ ಮನೆ. ಬಿಟ್ಟುಹೋದ ಸೊನ್ನೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ಎಂಟರ್ ಒತ್ತಿದೆ.

ಒಪ್ಪಿಕೊಂಡಿತು. ಆಮೇಲೆ ಇನ್ನೊಂದು ಪ್ರಶ್ನೆ ಬಂತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಹಳೆಯ ನಂಬರನ್ನು ತೆಗೆದುಹಾಕಬೇಕೇ? ಟ್ಯಾಬ್ ಒತ್ತಿದರೆ 'ನೋ', ಮತ್ತೊಮ್ಮೆ ಒತ್ತಿದರೆ 'ಯೆಸ್'. ನೋ ಎಂದರೆ ಬದಲಾವಣೆಯೇ ರದ್ದಾಗುತ್ತದೆ ಎಂದೂ ಓದಿತು. ಎರಡರ ನಡುವೆ ಎಷ್ಟು ಸಲ ಓಡಾಡಿದೆನೋ.

"ಅಮ್ಮಾ, ಟೈಮ್ ಆಗ್ತಿದೆ," ಅಂದಳು ಮಗಳು.

'ಯೆಸ್' ಕೇಳಿಸಿದಾಗ ಎಂಟರ್ ಒತ್ತಿದೆ. ನನ್ನ ಫೋನು ಟಿಣ್ ಎಂದಿತು. ಇವರ ಫೋನು ಸುಮ್ಮನಿತ್ತು. ಸ್ವಲ್ಪ ಹೊತ್ತಿನ ಮೇಲೆ ಮಗಳು ಎದ್ದು, ತಾನೊಬ್ಬಳೇ ಹೊರಡುತ್ತೇನೆಂದಳು. ಸಂಜೆಯವರೆಗೆ ಇರು ಎಂದು ಅವಳನ್ನು ಕೂರಿಸಿಕೊಂಡೆ.