ಎಣ್ಣೆಗೆಂಪು

ಅವ್ವ ಚಟ್ನಿಪುಡಿಗೆಂದು ಅಗಸೆ ಹುರಿದಾಗಲೆಲ್ಲ ನನಗೆ ಊಟ ನೆನಪಾಗುವುದಿಲ್ಲ, ಕ್ವೇಕರ್ಸ್ ಹಿಲ್‌ನ ಒಂದು ಗ್ಯಾರೇಜ್ ನೆನಪಾಗುತ್ತದೆ. ವಾಸನೆ ಬಂದೊಡನೆ ಬಾಗಿಲು ತೆರೆದುಕೊಳ್ಳುವ ಅಂಥ ಮನೆ ನಿಮಗೂ ಒಂದಿದ್ದೀತು. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಅಬುಕ್ ಆಂಟಿ ಇದ್ದರು, ಸುಡಾನಿನ ಯುದ್ಧ ತಪ್ಪಿಸಿಕೊಂಡು ಸಿಡ್ನಿಗೆ ಬಂದವರು. ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲಬೇಕಾದ ಕಡೆ ಅವರು ಬರೆದ ಚಿತ್ರಗಳು ನಿಂತಿದ್ದವು. ಚರ್ಚಿನಲ್ಲಿ ಹಾಡುವ ಹೆಂಗಸರು, ಬಸ್ ಓಡಿಸುವ ತಮ್ಮ, ಮದುವೆಗೆ ಸಿಂಗರಿಸಿಕೊಂಡ ತಂಗಿಯ ಮಗಳು, ಎಲ್ಲರೂ ಅವರ ಜನ. ಶನಿವಾರ ನಾವು ಆರೇಳು ಮಕ್ಕಳು ಅಲ್ಲಿ ಚಿತ್ರ ಕಲಿಯುತ್ತಿದ್ದೆವು. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಸೋಮವಾರದವರೆಗೂ ಕೂದಲಲ್ಲಿ ಉಳಿಯುತ್ತಿತ್ತು. ಟ್ಯೂಬಿನ ಕಪ್ಪನ್ನು ಮಾತ್ರ ಆಂಟಿ ಮುಟ್ಟಗೊಡುತ್ತಿರಲಿಲ್ಲ. ಅದು ಸೋಮಾರಿಗಳ ಕಪ್ಪಂತೆ. ನೀಲಿ, ಕೆಂಪು, ಕಂದು ಬೆರೆಸಿ ಒಬ್ಬೊಬ್ಬರ ಕಪ್ಪನ್ನೂ ಬೇರೆಬೇರೆಯಾಗಿ ಹುಡುಕಬೇಕಂತೆ.

ನಾನೂ ಕಪ್ಪೇ. ಆದರೆ ಅವ್ವ ಬಂದವರಿಗೆಲ್ಲ, "ನಮ್ಮ ಹುಡುಗಿ ಕಪ್ಪಲ್ರೀ, ಎಣ್ಣಿಗೆಂಪ ಅದಾಳ" ಎನ್ನುತ್ತಿದ್ದಳು. ಹಾಗೆಂದರೇನೆಂದು ಆಂಟಿ ಒಮ್ಮೆ ಕೇಳಿದಾಗ ಎಣ್ಣೆ, ಕೆಂಪು ಎಂದು ಬಿಡಿಸಿ ಹೇಳಿದೆ. ಆಂಟಿ ಹಿಗ್ಗಿಹೋದರು. ಇಷ್ಟು ವರ್ಷ ತಾವು ಬೆರೆಸುತ್ತಿದ್ದುದಕ್ಕೆ ನಿಮ್ಮ ಭಾಷೆಯಲ್ಲಿ ಹೆಸರೇ ಇದೆಯಲ್ಲ ಎಂದು ನಕ್ಕು, ಅಂದೇ ನನ್ನನ್ನು ಕೂರಿಸಿ ಚಿತ್ರ ಶುರುಮಾಡಿದರು. ಮುಗಿದ ಮೇಲೆ ಕ್ಯಾನ್ವಾಸಿನ ಬೆನ್ನಿಗೆ ನನ್ನ ಕೈಯಲ್ಲೇ ಆ ಪದ ಬರೆಸಿದರು. ನನ್ನ ಕೆನ್ನೆಯಲ್ಲಿ ಅಷ್ಟು ಕೆಂಪಿದೆಯೆಂದು ಆವರೆಗೆ ಯಾರೂ ನನಗೆ ತೋರಿಸಿರಲಿಲ್ಲ.

ಚಿತ್ರ ಒಣಗಿತು. ಅದನ್ನು ತೋರಿಸಲು ಅವ್ವ ಗೆಳತಿಯರನ್ನು ಕರೆತರುವವಳಿದ್ದಳು. ಅವರೆಲ್ಲ ನೋಡಿ ಏನೆಂದಾರೋ ಎಂದು ನನಗೆ ಹೆದರಿಕೆ. ಆಂಟಿ ಚಹಾ ತರಲು ಒಳಗೆ ಹೋದಾಗ ಬಿಳಿ ಬಣ್ಣ ತೆಗೆದು, ಸ್ನೋ ಕ್ರೀಮು ಹಚ್ಚುವ ಹಾಗೆ, ಚಿತ್ರದ ಮುಖಕ್ಕೆಲ್ಲ ಬಳಿದುಬಿಟ್ಟೆ. ಮರಳಿ ಬಂದ ಆಂಟಿ ಬಯ್ಯಲಿಲ್ಲ. ಒಂದು ಬಟ್ಟೆಚೂರನ್ನು ನನ್ನ ಮುಂದಿಟ್ಟರು.

"ನಾನು ಒರೆಸಲ್ಲ. ನಿನ್ ಮುಖ, ನೀನೇ ಒರೆಸ್ಬೇಕು. ಎಣ್ಣೆ ಬಣ್ಣ ಬೇಗ ಒಣಗಲ್ಲ, ಎರಡು ಮೂರು ದಿನ ಇದೆ. ಅಷ್ಟ್ರೊಳಗೆ ಬಾ."

ನಾನು ಮನೆಗೆ ಓಡಿಬಂದೆ. ನಾಚಿಕೆಯಿಂದ ಆ ವಾರ ಹೋಗಲಿಲ್ಲ, ಮರುವಾರವೂ ಹೋಗಲಿಲ್ಲ. ಹೊಟ್ಟೆನೋವೆಂದು, ಚಿತ್ರ ಇನ್ನೂ ಒಣಗಿಲ್ಲವೆಂದು ಅವ್ವನಿಗೆ ಸುಳ್ಳು ಹೇಳಿದೆ. ಕೆಲವೇ ತಿಂಗಳಲ್ಲಿ ಆಂಟಿ ಮಗಳಿದ್ದ ಮೆಲ್ಬರ್ನಿಗೆ ಮನೆ ಬದಲಿಸಿದರು. ಸಾಮಾನು ಹೇರುವುದನ್ನು ಪರದೆಯ ಸಂದಿಯಿಂದ ನೋಡಿದೆ, ಅಷ್ಟೇ.

ನಾನು ಯೂನಿವರ್ಸಿಟಿ ಸೇರಿದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮೆಲ್ಬರ್ನಿಗೆ ಹೋದೆ. ಚರ್ಚಿನ ಹಾಲ್‌ನಲ್ಲಿ ಅವರ ಚಿತ್ರಗಳನ್ನೆಲ್ಲ ತೂಗುಹಾಕಿದ್ದರು. ಹಾಡುವ ಹೆಂಗಸರು ಕೂದಲು ನರೆತು ತಮ್ಮತಮ್ಮ ಚಿತ್ರದ ಕೆಳಗೇ ಕೂತಿದ್ದರು. ಕೊನೆಯಲ್ಲಿ ನಾನೂ ಇದ್ದೆ, ಬಿಳಿ ಮುಖದವಳು. ಅದೇ ಬಟ್ಟೆಚೂರು ಚಿತ್ರದ ಮೂಲೆಗೆ ಜೋತುಬಿದ್ದಿತ್ತು. "ಅಮ್ಮ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ," ಎಂದಳು ಆಂಟಿಯ ಮಗಳು. "ಅವಳು ಬರ್ತಾಳೆ ಅಂತಿದ್ರು." ಬಟ್ಟೆ ತೆಗೆದುಕೊಂಡು ಉಜ್ಜಿದೆ. ಬಿಳಿ ಕಲ್ಲಾಗಿತ್ತು. ಬಟ್ಟೆಗೆ ಏನೂ ಹತ್ತಲಿಲ್ಲ. ಅಲ್ಲೇ ನಿಂತು ಅತ್ತೆ.

ಈಗ ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಆಂಟಿಯ ಮಗಳು ಕೊಟ್ಟ ಆ ಚಿತ್ರವನ್ನು ಮುಖ ಗೋಡೆಗೆ ಮಾಡಿ ತೂಗುಹಾಕಿದ್ದೇನೆ. ಕಾಣುವುದು ಬೆನ್ನ ಮೇಲಿನ, ನನ್ನ ಬಾಲ್ಯದ ಕೈಬರಹದ ಆ ಒಂದು ಪದ ಮಾತ್ರ. ಅವ್ವ ಅಗಸೆ ಹುರಿಯುತ್ತ ಆಗಾಗ ಅದನ್ನು ಓದುತ್ತಾಳೆ.