ಬೈಕಿನ ಆಯಿಲ್ ಎಲ್ಲಿಗೆ ಹೋಗುತ್ತಿತ್ತು

ನಾನು ಹುಟ್ಟಾ ಪುಕ್ಕಲಿ. ಹಗ್ಗ ಕಂಡರೂ ಹಾವೆಂದು ಕಿರುಚುವವಳು. ಸ್ಟೋರ್‌ರೂಮಿನಲ್ಲಿ ಇಲಿ ಓಡಿದ್ದಕ್ಕೆ ಕಾಫಿ ಬೀಜದ ಮೂಟೆ ಹತ್ತಿ ನಿಂತಿದ್ದ ಕಥೆಯನ್ನು ನಮ್ಮನೆಯವರು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು. ಒಂದೊಂದು ಸಲ ಮೂಟೆಯ ಎತ್ತರವೂ ಒಂದೊಂದು ಗೇಣು ಹೆಚ್ಚುತ್ತಿತ್ತು. ನಾನು ಬೈಯುತ್ತಲೇ ಕಾಫಿ ಕೊಡುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕೆ. ಹೊಸಕೋಟೆಯಿಂದ ಒಳಗಿರುವ ನಮ್ಮ ಊರಿನಿಂದ ಅವರು ದಿನಾ ಗುಡ್ಡದಾಚೆಯ ಎಸ್ಟೇಟಿಗೆ ರೈಟರ್ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಆಳುಗಳ ಹಾಜರಿ, ಹಣ್ಣಿನ ತೂಕ, ಸ್ಟೋರಿನ ಬೀಗ ಎಲ್ಲ ಅವರ ತಲೆಯ ಮೇಲೆ. ಬೀಗ ಹಾಕಿ ಹೊರಡುವಾಗ ಹೊತ್ತು ಮುಳುಗುತ್ತಿತ್ತು. ನಮ್ಮ ಕಡೆ ಆನೆ ಕಾಟ ಜೋರಾದದ್ದೂ ಆ ವರ್ಷಗಳಲ್ಲೇ. ಮೊದಲು ಬಂದು ಗದ್ದೆ ತುಳಿದು ಹೋಗುತ್ತಿದ್ದ ಆನೆಗಳು ಈಗ ಕಾಫಿ ತೋಟದೊಳಗೇ ಠಿಕಾಣಿ ಹೂಡಿದ್ದವು. ಎಸ್ಟೇಟಿನಿಂದ ಊರಿಗೆ ಬರುವ ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರಿದೆ. ಎರಡೂ ಬದಿ ತೋಟ, ಕೆಳಗೆ ಹಳ್ಳ. ಅವು ದಾಟುತ್ತಿದ್ದುದು ಅಲ್ಲೇ. ಹಿಂದಿನ ಮಳೆಗಾಲದ ಕೊನೆಗೆ ಪಕ್ಕದ ತೋಟದ ಲೈನ್‌ಮನೆಯಲ್ಲಿದ್ದ ಒಬ್ಬ ಆಳು ಸೈಕಲ್ ಸಮೇತ ಅಲ್ಲಿ ಆನೆಗೆ ಸಿಕ್ಕಿಬಿದ್ದಿದ್ದ. ಆಮೇಲೆ ಆ ಸೈಕಲ್ಲನ್ನು ನಾನು ನೋಡಿದ್ದೆ. ನೋಡಬಾರದಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಬೈಕು ಆಯಿಲ್ ಕುಡಿಯಲು ಶುರುಮಾಡಿತು. ಯಾರೋ ಓಡಿಸಿ ಬಿಟ್ಟ ಹಳೇ ಬೈಕು ಅದು. ಬಟನ್ ಒತ್ತಿದರೆ ಸ್ಟಾರ್ಟ್ ಆಗುವಂಥದ್ದಲ್ಲ, ಕಿಕ್ ಹೊಡೆಯಬೇಕು. ಒಂದು ದಿನ ಎಂಜಿನ್ನು ಕಟಕಟ ಅನ್ನುತ್ತಿದೆಯೆಂದು ನೋಡಿದರೆ, ಆಯಿಲ್ ನೋಡುವ ಕಡ್ಡಿಯ ತುದಿಗೆ ಹನಿಯೂ ಅಂಟಲಿಲ್ಲ. ತುಂಬಿಸಿದೆವು. ಕೆಲವೇ ದಿನಕ್ಕೆ ಮತ್ತೆ ಇಳಿಯಿತು. ಆಯಿಲ್ ಪೂರ್ತಿ ಆರಿದರೆ ಎಂಜಿನ್ನು ಸೀಜ್ ಆಗುತ್ತದೆ, ಓಡುತ್ತಿರುವ ಗಾಡಿ ನಿಂತಲ್ಲೇ ಹಿಡಿದುಕೊಳ್ಳುತ್ತದೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಅದು ನಿಲ್ಲುವುದಾದರೆ ಆ ಇಳಿಜಾರಿನಲ್ಲೇ ನಿಲ್ಲುತ್ತದೆ ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಸಂಜೆಯಾದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು.

"ಹಿಂಗೆ ಎಲ್ಲದ್ಕೂ ಹೆದರ್ಕಂಡ್ರೆ ಬದುಕಕಾಯ್ತದಾ ಮಾರಾಯ್ತಿ? ಏನೂ ಆಗಕಿಲ್ಲ ಸುಮ್ನಿರು" ಎನ್ನುತ್ತಿದ್ದರು ಅವರು.

ಸುಮ್ಮನಿರುವ ಜಾತಿ ನನ್ನದಲ್ಲ. ಕಡ್ಡಿಯ ಕೆಲಸವನ್ನು ನಾನೇ ವಹಿಸಿಕೊಂಡೆ. ನಮ್ಮ ಅಂಗಳ ಓರೆ. ಓರೆಯಲ್ಲಿ ನಿಲ್ಲಿಸಿ ನೋಡಿದರೆ ಆಯಿಲ್ ಒಂದು ಕಡೆಗೆ ಹರಿದು ಕಡ್ಡಿ ಸುಳ್ಳು ಹೇಳುತ್ತದೆ. ಕಾಫಿ ಒಣಗಿಸುವ ಕಣ ಸಮತಟ್ಟಲ್ಲವೇ ಎಂದರೆ, ಅದಕ್ಕೂ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ. ಕೊನೆಗೆ ದನದ ಕೊಟ್ಟಿಗೆಯ ಮುಂದಿನ ಚಪ್ಪಡಿಯ ಮೇಲೆ ತಟ್ಟೆಯಲ್ಲಿ ನೀರು ಇಟ್ಟು ನೋಡಿ, ಇದೇ ಸರಿಯೆಂದು ದಿನಾ ಬೆಳಿಗ್ಗೆ ಅಲ್ಲೇ ಸೆಂಟರ್ ಸ್ಟ್ಯಾಂಡ್ ಹಾಕಿಸುತ್ತಿದ್ದೆ. ರಾತ್ರಿ ಎಂಜಿನ್ನಿನ ಕೆಳಗೆ ಹಳೇ ಬಿಳಿ ಪಂಚೆ ಹಾಸಿದೆ. ಬೆಳಿಗ್ಗೆ ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಸೋರುತ್ತಿಲ್ಲ ಎಂದಮೇಲೆ ಒಳಗೇ ಸುಡುತ್ತಿರಬೇಕು.

ಆದರೆ ಒಂದು ಸಂಗತಿ ನನ್ನ ತಲೆ ಕೆಡಿಸಿತು. ಅವರ ತಂಗಿಯ ಮನೆಯ ಕೆಲಸಕ್ಕೆಂದು ಒಂದು ವಾರ ರಜೆ ಹಾಕಿ ದಿನಾ ಹಾಸನಕ್ಕೆ ಹೋಗಿ ಬಂದರು. ಅಷ್ಟು ದೂರ ಓಡಿದರೂ ಆಯಿಲ್ ಕದಲಲಿಲ್ಲ. ಮತ್ತೆ ಎಸ್ಟೇಟಿಗೆ ಹೋಗಲು ಶುರುಮಾಡಿದ್ದೇ ತಡ, ಇಳಿಯಿತು. ದೂರ ಹೋದರೆ ಕುಡಿಯದ ಗಾಡಿ ಹತ್ತಿರ ಹೋದರೆ ಯಾಕೆ ಕುಡಿಯುತ್ತದೆ? ಅವರನ್ನು ಕೇಳಿದರೆ "ಹಳೇ ಗಾಡಿ ಕಣೇ, ಅದರ ಮರ್ಜಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಹಟ ಹಿಡಿದು ಕೆ. ಹೊಸಕೋಟೆಯ ಗ್ಯಾರೇಜಿಗೆ ನಾನೂ ಹೋದೆ. ಆಯಿಲ್ ವಿಷಯ ಹೇಳಿ ನಾವು ಬೈಕಿನಿಂದ ಇಳಿಯುವ ಮೊದಲೇ ಮೆಕ್ಯಾನಿಕ್, "ಸಿಲಿಂಡರ್ ಬೋರ್ ಸವೆದೋಗ್ಬುಟ್ಟೈತೆ. ಪಿಸ್ಟನ್, ರಿಂಗು ಎಲ್ಲಾ ಹೊಸ್ದು. ಎರಡು ವಾರ ಬುಟ್ಟೋಗಿ" ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವನು. ಎರಡು ವಾರ ಗಾಡಿ ಇಲ್ಲದಿದ್ದರೆ ಇವರು ಆ ದಾರಿಯಲ್ಲಿ ನಡೆದು ಬರಬೇಕು. ಬಿಚ್ಚದೆ, ನೋಡದೆ ಬೋರ್ ಅಂತ ಹೆಂಗೆ ಹೇಳ್ತೀಯಪ್ಪ ಎಂದು ಜಗಳಕ್ಕೇ ನಿಂತೆ.

ಅವನಿಗೆ ರೇಗಿತು. "ಹಂಗಾದ್ರೆ ನೀವೇ ನೋಡ್ಕಳ್ರಕ್ಕ. ಏರು ಹತ್ತೋವಾಗ ನೀಲಿ ಹೊಗೆ ಬಂದ್ರೆ ಬೋರು, ರಿಂಗು. ಆಕ್ಸಿಲೇಟರ್ ಪೂರ್ತಿ ಮುಚ್ಕಂಡು ಗೇರಲ್ಲೇ ಇಳಿದು, ಕೆಳಗ್ ಬಂದು ಮತ್ತೆ ಆಕ್ಸಿಲೇಟರ್ ತಿರುವಿದಾಗ ಬಂದ್ರೆ ವಾಲ್ವ್ ಸೀಲು. ಮುಚ್ಕಂಡು ಇಳಿದ್ರೆ ಎಂಜಿನ್ನು ಗಾಳಿ ಸಿಗ್ದೆ ಮೇಲಿಂದ ಆಯಿಲ್ ಹೀರ್ಕತದೆ. ಓಡಿಸೋನಿಗೆ ಹಿಂದ್ಲ ಹೊಗೆ ಕಾಣಕಿಲ್ಲ. ಹಿಂದೆ ತಿರುಗಿ ಕೂತು ನೋಡೋರು ಯಾರಿದಾರೆ?"

"ನಾನಿದೀನಿ" ಎಂದುಬಿಟ್ಟೆ.

ಅಷ್ಟು ಉದ್ದನೆಯ ಏರು ನಮ್ಮ ಸುತ್ತಮುತ್ತ ಇದ್ದದ್ದು ಒಂದೇ, ಎಸ್ಟೇಟಿನ ದಾರಿಯದು. ಬೇರೆ ಕಡೆ ಹೋಗೋಣ ಎಂದು ನಮ್ಮನೆಯವರು ಎರಡು ಮೂರು ಸಲ ಹೇಳಿದರು. ಬೇರೆ ಎಲ್ಲಿದೆ ಎಂದು ನಾನು ಬಿಡಲಿಲ್ಲ. ರಜೆಯ ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟೆವು. ಚೂಡಿದಾರ ಹಾಕಿಕೊಂಡು, ಅವರ ಬೆನ್ನಿಗೆ ನನ್ನ ಬೆನ್ನು ಕೊಟ್ಟು, ಮುಖ ಹಿಂದಕ್ಕೆ ಮಾಡಿ ಕೂತೆ. ಬೀಳಬಾರದೆಂದು ಇಬ್ಬರ ಸೊಂಟಕ್ಕೂ ಸೇರಿಸಿ ಪಂಚೆ ಬಿಗಿದರು. ಅತ್ತೆ ಬಾಗಿಲಲ್ಲಿ ನಿಂತು, "ತಪ್ಪು ಮಾಡಿದೋರನ್ನ ಕತ್ತೆ ಮೇಲೆ ಹಿಂಗೆ ಕೂರಿಸ್ತಿದ್ರು, ನೀವು ದುಡ್ಡು ಕೊಟ್ಟು ಪೆಟ್ರೋಲ್ ಹಾಕಿ ಕೂತಿದೀರಲ್ಲೇ" ಎಂದರು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿಂದುಮುಂದಾಗಿ ಕೂತರೆ ಮುಂದೆ ಏನು ಬರುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಗುಂಡಿ ಹಾರಿದ ಮೇಲೆ ಗುಂಡಿ ಕಾಣುತ್ತದೆ. ಹಳ್ಳ ದಾಟಿ ಏರು ಶುರುವಾದಾಗ ಇಡೀ ಮೈ ಜಾರಿ ರಸ್ತೆಗೆ ಸುರಿದುಹೋಗುತ್ತದೆ ಅನ್ನಿಸಿತು. ಎರಡೂ ಕೈಯಲ್ಲಿ ಕ್ಯಾರಿಯರ್ ಕಂಬಿ ಹಿಡಿದು ಸೈಲೆನ್ಸರಿನ ತುದಿಯನ್ನೇ ನೋಡಿದೆ. ಅವರು ಗೇರು ಇಳಿಸಿ ಚೆನ್ನಾಗಿ ತಿರುವಿದರು. ಎಂಜಿನ್ನು ಒದರಿತು. ಹೊಗೆ ಬರಲಿಲ್ಲ. ಏರಿನ ತುದಿಯವರೆಗೂ ಒಂದು ಎಳೆ ಹೊಗೆಯಿಲ್ಲ. ಬೋರು ಸರಿಯಾಗಿದೆ, ಮೆಕ್ಯಾನಿಕ್ಕನ ಬಾಯಿಗೆ ಮಣ್ಣು ಬಿತ್ತು ಎಂದು ಅಷ್ಟು ಹೆದರಿಕೆಯಲ್ಲೂ ಖುಷಿಯಾಯಿತು.

ಮೇಲೆ ಗಾಡಿ ತಿರುಗಿಸಿದರು. ಇಳಿಯುವ ಮೊದಲು ಒಂದು ಗಳಿಗೆ ನಿಂತರು. ಆಮೇಲೆ ಎರಡನೇ ಗೇರಿನಲ್ಲಿ, ಆಕ್ಸಿಲೇಟರ್ ಪೂರ್ತಿ ಮುಚ್ಚಿ, ಬಿಟ್ಟರು. ಎಂಜಿನ್ನಿನ ಸದ್ದು ಕುಸಿದು ಬರೀ ಚೈನಿನ ಸದ್ದು ಉಳಿಯಿತು. ಅಷ್ಟರಲ್ಲಿ ನನ್ನ ಬೆನ್ನಿಗೆ ಏನೋ ಗೊತ್ತಾಯಿತು. ಅವರ ಬೆನ್ನು ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಉಸಿರಾಡುತ್ತಿರಲಿಲ್ಲ. ದಾರಿಯುದ್ದಕ್ಕೂ ಗುಂಡಿ ಬಂತು, ತಿರುವು ಬಂತು ಎಂದು ಹೇಳುತ್ತಿದ್ದ ಮನುಷ್ಯ ಬಾಯಿ ಬಿಡಲಿಲ್ಲ. ಪಂಚೆ ಅಷ್ಟು ಬಿಗಿಯಾಗಿ ಕಟ್ಟಿದ್ದರಿಂದ ಅವರ ಪಕ್ಕೆಯೊಳಗಿನ ನಡುಕ ನನ್ನ ಪಕ್ಕೆಗೆ ಬರುತ್ತಿತ್ತು. ಹಾಡುಹಗಲು. ಬಿಸಿಲು ರಸ್ತೆಯ ಮೇಲೆ ಬಿದ್ದಿತ್ತು. ಇವರಿಗೇನಾಯಿತು ಎಂದು ನನಗೆ ಅರ್ಥವಾಗಲಿಲ್ಲ.

ಕೆಳಗೆ ಹಳ್ಳದ ಹತ್ತಿರ ಬಂದು ಆಕ್ಸಿಲೇಟರ್ ತಿರುವಿದರು. ಬಂತು ನೋಡಿ ಹೊಗೆ, ನೀಲಿ ಮೋಡ, ಕಣ್ಣು ಉರಿಸುವಷ್ಟು. ಕೆಮ್ಮುತ್ತ ಕಣ್ಣು ಬಿಟ್ಟೆ. ಹೊಗೆ ತೆಳ್ಳಗಾದಾಗ, ನಾವು ಆಗಷ್ಟೇ ಇಳಿದು ಬಂದ ಇಳಿಜಾರಿನ ಅರ್ಧದಲ್ಲಿ ಕಾಫಿ ಗಿಡಗಳು ಅಲ್ಲಾಡಿದವು. ಒಂಟಿ ಸಲಗ ರಸ್ತೆಗೆ ಬಂದು ನಿಂತಿತು. ಒಂದು ಕೊಂಬು ಅರ್ಧಕ್ಕೆ ಮುರಿದಿತ್ತು. ನಾವು ಹೋಗುವಾಗ, ಬರುವಾಗ, ಎರಡು ಸಲವೂ ಅದು ಅಲ್ಲೇ, ಗಿಡದ ಮರೆಯಲ್ಲಿ, ಕೈಚಾಚಿದಷ್ಟು ದೂರದಲ್ಲಿ ನಿಂತಿದ್ದಿರಬೇಕು.

"ಬಂತೇನೇ ಹೊಗೆ?" ಎಂದು ಕೂಗಿದರು. ನನಗೆ ಸ್ವರ ಹೊರಡಲಿಲ್ಲ. ಆನೆ ಕಿವಿ ಅಗಲಿಸಿ ನಾಲ್ಕು ಹೆಜ್ಜೆ ಕೆಳಕ್ಕೆ ಬಂತು. ನಾನು ಮಾತಾಡದ್ದಕ್ಕೆ, ಹೊಗೆಗೆ ಉಸಿರುಕಟ್ಟಿತೇನೋ ಎಂದು ಅವರು ಗಾಡಿ ನಿಧಾನ ಮಾಡಿದರು! ಕಿರುಚಬೇಕು, ಬಾಯಿ ತೆರೆದಿದೆ, ಬರೀ ಗಾಳಿ. ಕೊನೆಗೆ ತಲೆಯನ್ನು ಹಿಂದಕ್ಕೆ ಚಚ್ಚಿ ಅವರ ಕುತ್ತಿಗೆಗೆ ಗುದ್ದಿದೆ. ಅವರು ತಿರುಗಿಯೂ ನೋಡಲಿಲ್ಲ. ಆಕ್ಸಿಲೇಟರ್ ಪೂರ್ತಿ ತಿರುವಿದರು. ಆನೆ ಬೆನ್ನಟ್ಟಲಿಲ್ಲ. ಅಲ್ಲೇ ನಿಂತು ನಮ್ಮನ್ನೇ ನೋಡುತ್ತ ಸಣ್ಣದಾಯಿತು.

ಮನೆಗೆ ಬಂದು ಚಪ್ಪಡಿಯ ಮೇಲೆ ಗಾಡಿ ನಿಲ್ಲಿಸಿದ ಮೇಲೂ ಇಳಿಯಲಾಗಲಿಲ್ಲ. ಪಂಚೆಯ ಗಂಟನ್ನು ಅತ್ತೆ ಬಂದು ಬಿಚ್ಚಿದರು. ನನಗೆ ಆಶ್ಚರ್ಯವಾದದ್ದು ಒಂದೇ, ದಾರಿಯಲ್ಲೂ ಮನೆಯಲ್ಲೂ ನಾನು ಏನು ನೋಡಿದೆ ಎಂದು ಅವರು ಕೇಳಲೇ ಇಲ್ಲ.

"ಹೊಗೆ ಬಂತು. ಇಳಿದ ಮೇಲೆ" ಎಂದೆ, ಸ್ವರ ಬಂದಾಗ.

"ಹಂಗಾದ್ರೆ ಸೀಲು." ಅತ್ತೆ ಒಳಗೆ ಹೋದ ಮೇಲೆ, ತಗ್ಗಿದ ದನಿಯಲ್ಲಿ ಕೇಳಿದರು. "ಕೊಂಬು ಮುರಿದದ್ದಾ?"

"ನಿಮಗೆ ಹೆಂಗೆ ಗೊತ್ತು?" ಎಂದೆ.

"ಒಂದ್ಸಲ ಮುಂದೇನೇ ದಾಟಿತ್ತು ಕಣೇ. ದಿನಾ ಅಲ್ಲೇ ಇರ್ತದೆ. ಯಾವ ಮಗ್ಗುಲಲ್ಲಿ ಅಂತ ಗೊತ್ತಾಗಕಿಲ್ಲ. ವಾಸ್ನೆ ಬತ್ತದೆ ಅಷ್ಟೇ. ಸದ್ದಾಗದಂಗೆ ಆಕ್ಸಿಲೇಟರ್ ಪೂರ್ತಿ ಮುಚ್ಚಿ ಇಳಿದ್ಬುಡ್ತೀನಿ."

"ಹಂಗಾದ್ರೆ ಎಂಜಿನ್ನೇ ಆಫ್ ಮಾಡ್ಬಹುದಿತ್ತಲ್ಲ?"

"ಆಫ್ ಮಾಡಿದ್ರೆ ಮತ್ತೆ ಕಿಕ್ ಹೊಡೀಬೇಕಲ್ಲ. ಆವಾಗ ಕಾಲು ಬರದಿದ್ರೆ?" ಅವರು ಚಪ್ಪಡಿಯ ಮೇಲೆ ಕೂತುಬಿಟ್ಟರು. "ಮುಂದೆ ಇದ್ರೆ ಕಾಣ್ತದೆ ಕಣೇ. ಹಿಂದ್ಲಿಂದ ಬರ್ತಾ ಐತೇನೋ ಅನ್ನಿಸ್ತದೆ. ತಿರುಗಿ ನೋಡಕ್ಕೆ ಧೈರ್ಯ ಸಾಲಕಿಲ್ಲ. ಒಂದಿನಾನೂ ತಿರುಗಿ ನೋಡಿಲ್ಲ."

ಹಾಸನದ ದಾರಿಯಲ್ಲಿ ಆಯಿಲ್ ಯಾಕೆ ಇಳಿಯುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಅಲ್ಲಿ ಅವರು ಹೀಗೆ ಮುಚ್ಚಿಕೊಂಡು ಇಳಿಯುವ ಜಾಗವೇ ಇರಲಿಲ್ಲ. ಸೀಲು ಸವೆದಿದ್ದೇನೋ ಹೌದು. ಆದರೆ ಇಷ್ಟು ದಿನ ನಾನು ಬೆಳಿಗ್ಗೆ ಎದ್ದು ಆ ಕಡ್ಡಿಯಲ್ಲಿ ಅಳೆಯುತ್ತಿದ್ದದ್ದು ಹಿಂದಿನ ಸಂಜೆ ನನ್ನ ಗಂಡ ಹೆದರಿಕೊಂಡು ಇಳಿದ ಇಳಿಜಾರನ್ನು. ಆನೆ ಕಂಡಾಗ ಹುಟ್ಟಿದ ಭಯ ಈ ಭಯದ ಮುಂದೆ ಏನೂ ಅಲ್ಲ. ಇವರಿಗೆ ಹೆದರಿಕೆಯಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಾನು ದಿನಾ ಸಂಜೆಯನ್ನು ನೂಕುತ್ತಿದ್ದೆ. ಅದೂ ಹೋಯಿತು.

"ಕೆಲ್ಸ ಬುಟ್ಬುಡಿ" ಎಂದೆ.

"ಬುಟ್ಟು?" ಎಂದರು.

ಮೆಕ್ಯಾನಿಕ್ ಮುಖ ಸಿಂಡರಿಸಿಕೊಂಡೇ ಸೀಲು ಬದಲಾಯಿಸಿದ. ಅರ್ಧ ದಿನದ ಕೆಲಸ. ಆಮೇಲೆ ಕಡ್ಡಿ ತೆಗೆದಾಗಲೆಲ್ಲ ಆಯಿಲ್ ಗುರುತಿನ ಗೀಟಿನಲ್ಲೇ ಇರುತ್ತಿತ್ತು. ಊರಿನವರು ನನ್ನನ್ನು ಲೇಡಿ ಮೆಕ್ಯಾನಿಕ್ ಎಂದು ಕರೆದು ತಮಾಷೆ ಮಾಡಿದರು. ನನಗೆ ಮಾತ್ರ ಹೊಸ ಫಜೀತಿ. ಬೈಕು ರಿಪೇರಿಯಾಗಿತ್ತು, ಇಳಿಜಾರು ಅಲ್ಲೇ ಇತ್ತು, ಹಿಂದಿನ ಸಂಜೆ ಹೇಗೆ ಕಳೆಯಿತು ಎಂದು ಕಡ್ಡಿ ಈಗ ಹೇಳುತ್ತಿರಲಿಲ್ಲ.

ಅದಕ್ಕೇ ಬಾಯಿಬಿಟ್ಟು ಕೇಳಲು ಶುರುಮಾಡಿದೆ. ಮೊದಲ ಸಂಜೆ ಅವರು ಬಂದು ಗಾಡಿ ನಿಲ್ಲಿಸಿದಾಗ ಗೇಟಿನಲ್ಲೇ ಕೇಳಿದೆ, "ಹೆದರಿಕೆ ಆಯ್ತಾ?"

ಮೊದಲಿನ ಹಾಗೆ ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ಆಯ್ತು ಕಣೇ. ಇವತ್ತು ಭಾಳ ಹತ್ರ ಇತ್ತು."