ಹತ್ತು ಸೆಕೆಂಡಿನ ನಂತರ

ಗಡಿಯಾಚೆಯ ನಗರದ ಒಂದು ಖಾಸಗಿ ಎಫ್‌ಎಂ ಕೇಂದ್ರಕ್ಕೆ ನಾನು ಹಾಡುಗಳನ್ನು ಆರಿಸಿ ಜೋಡಿಸುತ್ತೇನೆ. ಮೈಕಿನ ಮುಂದೆ ಕೂರುವ ಕೆಲಸವಲ್ಲ. ಅದು ನನಗೆ ಒಗ್ಗುವುದೂ ಇಲ್ಲ. ಕಾಸರಗೋಡಿನ ಮನೆಯಲ್ಲಿ ಕೂತು, ಮಧ್ಯಾಹ್ನ ಎರಡರಿಂದ ಮೂರರವರೆಗೆ ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕೆಂದು ನಿರ್ಧರಿಸುತ್ತೇನೆ. ಹಳೆಯ ಕನ್ನಡ ಚಿತ್ರಗೀತೆ, ತುಳು ಹಾಡು, ನಡುವೆ ಒಂದೋ ಎರಡೋ ಮಲಯಾಳಂ. ಈ ಬೆರಕೆಯ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ.

ಕೇಂದ್ರವು ಊರಿನ ನಾಲ್ವರು ಪಾಲುದಾರರ ಕೈಯಿಂದ, ಹಲವು ನಗರಗಳಲ್ಲಿ ಕೇಂದ್ರಗಳಿರುವ ಕಂಪೆನಿಯೊಂದಕ್ಕೆ ಹೋದಾಗ ಮೊದಲು ಬಂದದ್ದು ಒಂದು ಪಟ್ಟಿ. ದಿನವಿಡೀ ಹೊಸ ಹಿಟ್‌ಗಳು, ಅವೇ ಮತ್ತೆ ಮತ್ತೆ. ರೇಡಿಯೊ ಹಾಕಿದ ಕೂಡಲೇ ಪರಿಚಿತ ಹಾಡು ಕಿವಿಗೆ ಬೀಳಬೇಕೆಂಬುದು ಅವರ ಲೆಕ್ಕಾಚಾರ. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಆದರೆ ನನ್ನ ಒಂದು ಗಂಟೆಯೂ ಆ ಪಟ್ಟಿಗೆ ಹೋಗುವುದರಲ್ಲಿತ್ತು. ಕೇಳುಗರನ್ನೇ ಕೇಳಿ ತೀರ್ಮಾನಿಸೋಣ ಎಂದರು ಕೇಂದ್ರದ ಮ್ಯಾನೇಜರ್. ಕಂಪೆನಿಯ ಹತ್ತು ಹಾಡು, ಆಮೇಲೆ ನನ್ನ ಹತ್ತು. ಪ್ರತಿಯೊಂದನ್ನೂ ಹತ್ತೇ ಸೆಕೆಂಡು ಕೇಳಿಸಿ ಐದರಲ್ಲಿ ಅಂಕ ಹಾಕಿಸಬೇಕು. ಕಾಸರಗೋಡಿನ ಭಾಗ ನನಗೇ ಬಂತು.

ವಿದ್ಯಾನಗರದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಒಂದು ಘಟಕವಿದೆ. ಎರಡನೇ ಮಹಡಿ, ಆರು ಹೆಂಗಸರು. ಸಿಗ್ನಲ್ ಸಿಗುವ ಒಂದೇ ಕಿಟಕಿಯಲ್ಲಿ ರೇಡಿಯೊ. ಅದರಿಂದ ಕರ್ಟನ್ ಸರಳಿನವರೆಗೆ ಒಂದು ತಂತಿ. ಅಲ್ಲಿಗೆ ಹೋದೆ. ಮಧ್ಯಾಹ್ನದ ಆ ಗಂಟೆ ನನ್ನದೆಂದು ಹೇಳಲಿಲ್ಲ. ಹೇಳಿದ್ದರೆ ಅಂಕಕ್ಕೆ ಬೆಲೆಯಿರುತ್ತಿರಲಿಲ್ಲ. ಕೈಯಲ್ಲಿದ್ದ ಅಂಕದ ಫಾರಂ ನೋಡಿ ಅವರು ನನ್ನನ್ನು ಟೀಚರ್ ಮಾಡಿಬಿಟ್ಟರು.

ನನ್ನ ಫೋನಿನಲ್ಲಿ ಕೇಳಿಸಿದ ಮೊದಲ ಹಾಡಿಗೆ ಐದು. ಎರಡನೆಯದಕ್ಕೆ ಐದು. ಹತ್ತನೆಯದಕ್ಕೂ ಐದೇ ಬಂದಾಗ ಕೇಳಿದೆ: “ಅಕ್ಕ, ಎಲ್ಲದಕ್ಕೂ ಐದಾ?”

“ಮತ್ತೆಂತ ಟೀಚರೇ?” ಎಂದರು ಕಾಲರ್ ಹೊಲಿಯುತ್ತಿದ್ದ ಹಿರಿಯ ಹೆಂಗಸು. “ಪಾಪ, ಕಷ್ಟಪಟ್ಟು ಹಾಡಿದ್ದಾರೆ. ಮದುವೆಯಲ್ಲಿ ಉಂಡು ಪಾಯಸಕ್ಕೆ ಬೆಲ್ಲ ಕಮ್ಮಿ ಅಂತ ಹೇಳ್ಲಿಕ್ಕುಂಟಾ?”

“ಗಂಡ ಮಾಡಿದ ಚಾಯಕ್ಕೆ ಮಾತ್ರ ಇವರು ಒಂದು ಕೊಡುದು,” ಎಂದಳು ಗುಂಡಿ ಹಚ್ಚುತ್ತಿದ್ದ ಹುಡುಗಿ.

“ಒಂದಾ? ಅದಕ್ಕೆ ಸೊನ್ನೆ ಮಾರಾಯ್ತಿ. ನೀನೊಮ್ಮೆ ಕುಡಿದು ನೋಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಮಾತ್ರ ಕಸಿವಿಸಿ. ಎಲ್ಲಕ್ಕೂ ಐದು ಬಂದರೆ ಅವರ ಹಾಡಿಗೂ ನನ್ನ ಹಾಡಿಗೂ ವ್ಯತ್ಯಾಸವಿಲ್ಲ ಎಂದಾಗುತ್ತದೆ. ವ್ಯತ್ಯಾಸವಿಲ್ಲದ ಮೇಲೆ ಆ ಒಂದು ಗಂಟೆ ಬೇರೆ ಯಾಕೆ?

ಹನ್ನೊಂದನೆಯದು ನನ್ನ ಪಟ್ಟಿಯ ಹಳೆಯ ತುಳು ಹಾಡು. ಹತ್ತು ಸೆಕೆಂಡಿಗೆ ಫೋನು ನಿಂತಿತು, ಹಾಡು ನಿಲ್ಲಲಿಲ್ಲ. ಹಿರಿಯಾಕೆ ಮುಂದಿನ ಸಾಲು ಎತ್ತಿಕೊಂಡರು, ಉಳಿದವರು ಸೇರಿದರು. ಯಂತ್ರಗಳ ಸದ್ದಿನ ನಡುವೆಯೇ ಪಲ್ಲವಿ ಮುಗಿದು ಚರಣಕ್ಕೆ ಹೋಯಿತು. ಅಲ್ಲಿ ಜಗಳ ಹತ್ತಿತು.

“ಆ ಸಾಲು ಈಗ ಅಲ್ಲ, ಕಡೆಗೆ ಬರುದು!” ಎಂದಳು ಗುಂಡಿಯ ಹುಡುಗಿ.

“ನಿನಗೆಂತ ಗೊತ್ತು? ಆಗ ನೀನು ಹುಟ್ಟಿದ್ದೀಯಾ?”

ನಾನು ಫಾರಂನ ಅಂಚಿನಲ್ಲಿ ಸ್ಕೇಲಿಟ್ಟು ಇನ್ನೊಂದು ಕಾಲಂ ಎಳೆದೆ: ಫೋನು ನಿಂತ ಮೇಲೆ ಎಷ್ಟು ಸಾಲು ಹಾಡಿದರು. ನ್ಯಾಯ ಎಲ್ಲಕ್ಕೂ ಒಂದೇ ಇರಲಿ ಎಂದು ಕಂಪೆನಿಯ ಹತ್ತನ್ನೂ ಮತ್ತೆ ಹಾಕಿದೆ. ಅವುಗಳಲ್ಲಿ ಒಂದನ್ನು ಹುಡುಗಿ ಕೊನೆಯವರೆಗೆ ಹಾಡಿದಳು, ಬರೆದುಕೊಂಡೆ. ಉಳಿದ ಒಂಬತ್ತು ಫೋನಿನ ಜೊತೆಗೇ ನಿಂತವು. ನನ್ನ ಹತ್ತರಲ್ಲಿ ಎರಡಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಅವೆರಡೂ ನನಗೆ ತುಂಬ ಇಷ್ಟದವು. ಅದನ್ನೂ ಬರೆದೆ.

ಮರುದಿನ ಮ್ಯಾನೇಜರ್ ಫೋನು ಮಾಡಿದರು. “ಎಲ್ಲ ಐದೇ ಉಂಟಲ್ಲ? ಮತ್ತೆ ಈ ಕೊನೆಯ ಕಾಲಂ ಎಂತದು? ಫಾರಂನಲ್ಲಿ ಇರ್ಲಿಲ್ಲ.”

“ನಾನು ಸೇರಿಸಿದ್ದು ಸರ್. ಅಂಕ ಮರ್ಯಾದೆಗೆ ಕೊಟ್ಟದ್ದು. ಹಾಡಿದ್ದು ಮರ್ಯಾದೆಗಲ್ಲ.”

“ನಿಮ್ಮದೇ ಎರಡಕ್ಕೆ ಸೊನ್ನೆ ಹಾಕಿದ್ದೀರಲ್ಲ ಮಾರಾಯ್ರೆ?”

“ಅವರು ಹಾಡ್ಲಿಲ್ಲ.”

“ಆಯ್ತು, ಕಂಪೆನಿಗೆ ಹಾಗೇ ಕಳಿಸ್ತೇನೆ,” ಎಂದರು.

ಗಂಟೆ ಉಳಿಯಿತು. ಕಂಪೆನಿಯ ನಾಲ್ಕು ಹಾಡು ಅದರೊಳಗೆ ಇರಲೇಬೇಕೆಂಬ ಷರತ್ತು ಬಂತು. ಯಾವುವು, ಯಾವಾಗ ಎಂಬುದು ನನಗೆ ಬಿಟ್ಟದ್ದು. ನನ್ನ ಆ ಎರಡನ್ನು ಕೈಬಿಟ್ಟೆ. ಹುಡುಗಿ ಹಾಡಿದ್ದನ್ನು ಎರಡೂವರೆಗೆ ಇಟ್ಟೆ. ಇನ್ನು ಮೂರು ಉಳಿದವು. ಮಾತಿನ ನಡುವೆ ಅವರೇ ಹೇಳಿದ್ದರು: ಎರಡು ಗಂಟೆಗೆ ಆ ಹೆಂಗಸರು ಬುತ್ತಿಪಾತ್ರೆ ತೊಳೆಯಲು ಕೆಳಗಿನ ನಲ್ಲಿಗೆ ಇಳಿದಿರುತ್ತಾರೆ, ಮತ್ತೆ ಮೇಲೆ ಬರಲು ಹತ್ತು ಹನ್ನೆರಡು ನಿಮಿಷ ಬೇಕು. ಮೂರನ್ನೂ ಆ ಹೊತ್ತಿಗೇ ಹಾಕಿದೆ.